ಅಜ್ಜಿ ಕೇಳಿದ ಒಂದು ತಟ್ಟೆ

ಮೊಮ್ಮಗಳು ಯೂನಿವರ್ಸಿಟಿ ಸೇರಿದ ಮೇಲೆ ಶನಿವಾರ, ಭಾನುವಾರ ಗ್ಲೆನೆಲ್ಗ್‌ನ ಕೆಫೆಯೊಂದರಲ್ಲಿ ಪಾತ್ರೆ ತೊಳೆಯೋ ಕೆಲಸಕ್ಕೆ ಹೋಗ್ತಾಳೆ. ಟ್ರಾಮ್ ಇಳಿದು ಮನೆಗೆ ಬಂದು ನನ್ನ ಪಕ್ಕ ದೊಪ್ಪನೆ ಕೂತಳೆಂದರೆ ಅವಳ ಕೈಯಿಂದ ಸೋಪು, ಬಿಸಿನೀರು, ಸುಟ್ಟ ಎಣ್ಣೆ ಎಲ್ಲಾ ಕಲೆತ ಒಂದು ವಾಸನೆ ಬರುತ್ತೆ. ಅವಳಿಗದು ಬರೀ ವಾಸನೆ. ನನಗೆ ಮಾತ್ರ ಆ ವಾಸನೆ ಬಡಿದರೆ ಸಾಕು, ಮೈಸೂರಿನ ಮನೆ ಕಣ್ಣೆದುರು ಬರುತ್ತೆ, ತಾತ ಬರ್ತಾರೆ, ಮೈಯೆಲ್ಲಾ ಉರಿಯುತ್ತೆ. ಸತ್ತು ಎಷ್ಟೋ ವರ್ಷ ಆದವರ ಮೇಲೆ ಇನ್ನೂ ಎಂಥ ಸಿಟ್ಟು ಅಂತ ನೀವು ಕೇಳಬಹುದು. ಕೇಳಿ, ಪರವಾಗಿಲ್ಲ. ನನಗೆ ಸಿಟ್ಟಿದೆ. ಪರ್ತ್‌ನಲ್ಲಿರೋ ತಮ್ಮನಿಗೂ ಬ್ರಿಸ್ಬೇನ್‌ನಲ್ಲಿರೋ ತಂಗಿಗೂ ತಾತ ಅಂದರೆ ದೇವರು. ತಂಗಿ ನಾರ್ತ್ ಲೇಕ್ಸ್‌ನ ಹೊಸ ಮನೆಯ ಹಾಲ್‌ನಲ್ಲಿ ಅವರ ಗ್ರಾಜುಯೇಷನ್ ಫೋಟೊ ದೊಡ್ಡದಾಗಿ ಹಾಕಿಸಿದ್ದಾಳೆ. ತಮ್ಮ ಫೋನಿನಲ್ಲಿ, "ಅಕ್ಕಾ, ನಾವೆಲ್ಲ ಆರಾಮಾಗಿ ಫ್ಲೈಟಲ್ಲಿ ಬಂದ್ಬಿಟ್ವಿ. ತಾತ ಆ ಕಾಲಕ್ಕೇ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಪಾತ್ರೆ ತೊಳೆದು ಓದಿದ್ರಲ್ಲ" ಅಂತಾನೆ. ಅಜ್ಜಿ ಫೋಟೊ ಎಲ್ಲಪ್ಪ ಅಂದರೆ ಇಬ್ಬರೂ ಮಾತು ತಿರುಗಿಸ್ತಾರೆ. ಅವರ ತಪ್ಪಲ್ಲ ಬಿಡಿ, ಅಜ್ಜಿಯ ಕಾಲಕ್ಕೆ ಅವರಿನ್ನೂ ತೊಟ್ಟಿಲಲ್ಲಿದ್ದರು.

ನಮ್ಮದು ಹೆಂಚಿನ ಮನೆ. ಹಿತ್ತಲಲ್ಲಿ ಬಾವಿ, ಪಕ್ಕದಲ್ಲಿ ಮುಸುರೆ ತಿಕ್ಕೋ ಕಲ್ಲು, ಅದರ ಮೇಲೆ ಯಾವಾಗಲೂ ಒಂದು ಮುಷ್ಟಿ ಬೂದಿ, ಹಿಂಡಿದ ಹುಣಸೆಹಣ್ಣು, ತೆಂಗಿನ ನಾರು. ಒಳಗೆ ತಾತ ಊಟಕ್ಕೆ ಕೂತರೆಂದರೆ ಅಮೆರಿಕಕ್ಕೆ ಹೊರಟರು ಅಂತಲೇ ಅರ್ಥ. ಎರಡು ಮಹಾಯುದ್ಧಗಳ ನಡುವಿನ ಕಾಲವಂತೆ. ಮೈಬಣ್ಣ ನೋಡಿ ಯಾರೂ ರೂಮು ಕೊಡಲಿಲ್ಲವಂತೆ, ಕ್ಷೌರದವನು ಕುರ್ಚಿಯಿಂದ ಎಬ್ಬಿಸಿ ಕಳಿಸಿದನಂತೆ. ಕೊನೆಗೆ ಯೂನಿವರ್ಸಿಟಿಯ ಊಟದ ಹಾಲ್‌ನ ನೆಲಮಾಳಿಗೆಯಲ್ಲಿ, ಮೂರು ಹೊತ್ತಿನ ಊಟಕ್ಕೆ ಪಾತ್ರೆ ತೊಳೆಯೋ ಕೆಲಸ ಸಿಕ್ಕಿತಂತೆ. ಮೇಲೆ ಶ್ರೀಮಂತರ ಹುಡುಗರು ತುಪ್ಪಳದ ಕೋಟು ಹಾಕ್ಕೊಂಡು ಫುಟ್‌ಬಾಲ್ ಗೆದ್ದ ಖುಷಿಗೆ ಕಿರುಚಾಡುತ್ತಿದ್ದರೆ, ಕೆಳಗೆ ತಾತ ಕೆಮಿಸ್ಟ್ರಿ ಪುಸ್ತಕವನ್ನು ನಲ್ಲಿಗೆ ಒರಗಿಸಿಕೊಂಡು ತೊಳೀತಾ ತೊಳೀತಾ ಓದುತ್ತಿದ್ದರು. "ಮೊದಲು ಸೋಪಿನ ನೀರು, ಆಮೇಲೆ ತಣ್ಣೀರು, ಆಮೇಲೆ ಕುದಿಯೋ ನೀರು. ಬಟ್ಟೇಲಿ ಒರೆಸಬಾರದು. ಅಂಚಿನ ಮೇಲೆ ನಿಲ್ಲಿಸಿಬಿಟ್ಟರೆ ತಾನೇ ಒಣಗುತ್ತೆ" ಅಂತ ಕೈಯಲ್ಲಿ ಮಾಡಿ ತೋರಿಸೋರು. ದುಡಿಮೆಯಲ್ಲಿ ಅವಮಾನ ಇಲ್ಲ ಅಂತ ನಮಗೆಲ್ಲ ಉಪದೇಶ ಮಾಡೋರು. ಉಪದೇಶ ಮುಗಿಸಿ, ಉಂಡ ತಟ್ಟೆ ಅಲ್ಲೇ ಬಿಟ್ಟು ಎದ್ದು ಹೋಗೋರು. ಆ ತಟ್ಟೆಯಲ್ಲೇ ಅಜ್ಜಿ ಊಟಕ್ಕೆ ಕೂರಬೇಕಿತ್ತು. ಗಂಡ ಉಂಡೆದ್ದ ತಟ್ಟೆಯಲ್ಲೇ ಹೆಂಡತಿ ಉಣ್ಣಬೇಕು ಅನ್ನೋದು ಅವರ ಕಾಲದ ಪದ್ಧತಿ. ಅಮೆರಿಕ ನೋಡಿಬಂದ ಮಹಾನುಭಾವರು ಅದನ್ನು ಒಂದು ದಿನವೂ ಬೇಡ ಅನ್ನಲಿಲ್ಲ.

ತಾತ ಹಡಗು ಹತ್ತಿದಾಗ ಅಜ್ಜಿಗೆ ಹದಿನಾರು ವರ್ಷ. ಅವರು ಓದಿ ಬರೋ ತನಕ ಐದು ವರ್ಷ ಅತ್ತೆಮನೆಯಲ್ಲಿ ಹದಿನೇಳು ಜನರ ಮುಸುರೆ ತಿಕ್ಕಿದಳು. "ನಾನೂ ಅದೇ ಐದು ವರ್ಷ ತೊಳೆದೆ ಕಣೇ ಪುಟ್ಟಿ, ನನಗ್ಯಾವ ಡಿಗ್ರಿ ಕೊಟ್ರು?" ಅಂತ ನನ್ನ ಜಡೆ ಹೆಣೆಯುವಾಗ ಗೊಣಗೋಳು. ತಾತನ ಜೊತೆ ನೇರ ಮಾತೇ ಇಲ್ಲ. ಕಾಫಿ ಆರಿಹೋಗ್ತಿದೆ ಅಂತ ಹೇಳೋಕೂ ನಾನೇ ಆಗಬೇಕಿತ್ತು.

ನನಗೆ ಒಂಬತ್ತು ವರ್ಷವಿದ್ದಾಗ ಅಜ್ಜಿ ಬಾವಿಕಟ್ಟೆ ಹತ್ತಿರ ಜಾರಿಬಿದ್ದು ಬಲಗೈ ಮುರಿದುಕೊಂಡಳು. ಕಟ್ಟು ಹಾಕಿಸಿಕೊಂಡು ಬಂದ ಮೇಲೆ ಪಾತ್ರೆಯೆಲ್ಲಾ ಅಮ್ಮನ ಪಾಲಿಗೆ ಬಂತು. ಅದೇ ವಾರ ಯಾರೋ ನೆಂಟರು ಬಂದಿದ್ದರು. ತಾತ ಅವರ ಮುಂದೆ ನೆಲಮಾಳಿಗೆಯ ಕಥೆ ಹೇಳಿ, ತಟ್ಟೆ ಬಿಟ್ಟು ಎದ್ದರು. ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಅಡ್ಡ ನಿಂತು, ಅವತ್ತು ಮೊದಲ ಸಲ ಅವರ ಜೊತೆ ನೇರ ಮಾತಾಡಿದಳು. "ಅಲ್ಲಿ ಕಂಡಕಂಡವರ ಎಂಜಲು ತೊಳೆದಿರಂತಲ್ಲ, ಇವತ್ತು ಈ ಒಂದು ತಟ್ಟೆ ತೊಳೆದುಕೊಡಿ. ನೀವು ತೊಳೆದುಕೊಟ್ಟ ಮೇಲೇ ನಾನು ಊಟ ಮಾಡೋದು" ಅಂದಳು. ತಾತ ಮೊದಲು ನಕ್ಕರು. ಅಜ್ಜಿ ಜರುಗಲಿಲ್ಲ. "ಅದು ಹೊಟ್ಟೆಪಾಡು ಕಣೇ, ಇದು ಮನೆ. ಗಂಡಸು ಮನೇಲಿ ಮುಸುರೆ ಮುಟ್ಟಿದರೆ ನೋಡಿದವರು ಏನಂದಾರು?" ಅಂತ ಹೇಳಿ ಹೊರಗೆ ಹೋಗಿಬಿಟ್ಟರು.

ಅಜ್ಜಿ ಎಡಗೈಯಲ್ಲಿ ಆ ತಟ್ಟೆ ಎತ್ತಿಕೊಂಡು ಹೋಗಿ ಹಿತ್ತಲ ಕಲ್ಲಿನ ಮೇಲಿಟ್ಟಳು. ಅಮ್ಮ ಕೈ ಹಾಕಲು ಹೋದರೆ ಗದರಿದಳು. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು. ಅನ್ನ ಒಣಗಿ ಅಂಟಿತು, ಇರುವೆ ಮುತ್ತಿದವು. ತಾತ ಬಾಳೆಲೆ ಹಾಕಿಸಿಕೊಂಡು ಹೊಟ್ಟೆತುಂಬ ಉಂಡರು, ಪೇಪರ್ ಓದಿದರು. ಅಜ್ಜಿ ಬರೀ ನೀರು ಕುಡಿದಳು. ಮೂರನೇ ದಿನ ಬೆಳಿಗ್ಗೆ ಪೂಜೆಗೆ ಹೂ ಬಿಡಿಸುತ್ತಿದ್ದವಳು ತಲೆಸುತ್ತಿ ಗಿಡದ ಬುಡದಲ್ಲೇ ಕೂತುಬಿಟ್ಟಳು. ಅಜ್ಜಿ ಸತ್ತೇಹೋಗ್ತಾಳೆ ಅಂತ ನನಗೆ ಜೀವ ಬಾಯಿಗೆ ಬಂತು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಆ ತಟ್ಟೆ ತಿಕ್ಕಿದೆ. ಮೊದಲು ಸೋಪು, ಆಮೇಲೆ ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು. ನಮ್ಮ ಮನೆಯ ಹೆಂಗಸರು ತೊಳೆದದ್ದನ್ನೆಲ್ಲ ಬೋರಲು ಹಾಕೋರು. ನಾನು ಅದನ್ನು ಗೋಡೆಗೆ ಒರಗಿಸಿ ಅಂಚಿನ ಮೇಲೆ ನಿಲ್ಲಿಸಿದೆ. ಅಜ್ಜಿ ಎದ್ದುಬಂದು ನೋಡಿದಳು. "ಯಾರೇ ತೊಳೆದದ್ದು?" ಅಂದಳು. "ತಾತ" ಅಂದೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ಅದೇ ತಟ್ಟೆಯಲ್ಲಿ ನಾನೇ ಮೊಸರನ್ನ ಕಲಸಿ ತಿನ್ನಿಸಿದೆ.

ಅವತ್ತು ಸಂಜೆ ಅಜ್ಜಿ ತಾನೇ ಕಾಫಿ ತಂದು, "ಸಕ್ಕರೆ ಸಾಕಾ ನೋಡಿ" ಅಂತ ತಾತನಿಗೆ ನೇರವಾಗಿ ಹೇಳಿದಳು. ಪಕ್ಕದ ಮನೆಯವರು ಬಂದಾಗ, "ನಮ್ಮ ಯಜಮಾನರು ನನಗೋಸ್ಕರ ತಟ್ಟೆ ತೊಳೆದರು ಕಣ್ರೀ, ಅಮೆರಿಕದ ಥರಾನೇ ನಿಲ್ಲಿಸಿದ್ದರು" ಅಂದಳು. ತಾತ ತಲೆ ಎತ್ತಿ ನನ್ನನ್ನು ನೋಡಿದರು. ಅವರಿಗೆ ಗೊತ್ತಾಯಿತು. ತೊಳೆದದ್ದು ನಾನಲ್ಲ ಅಂತ ಒಂದು ಮಾತು ಹೇಳಲಿಲ್ಲ. ಆಮೇಲಾಮೇಲೆ ನೆಲಮಾಳಿಗೆಯ ಕಥೆಯ ಕೊನೆಗೆ ಇದನ್ನೂ ಸೇರಿಸಿಕೊಂಡರು, ಥೂ! ನನಗೆ ಅವರ ಮೇಲೆ ಸಿಟ್ಟು, ನನ್ನ ಮೇಲೂ ಸಿಟ್ಟು. ಜೀವಮಾನದಲ್ಲಿ ಅಜ್ಜಿ ಗಂಡನ ಹತ್ತಿರ ಕೇಳಿದ್ದು ಆ ಒಂದೇ. ಸಿಗದೇ ಹೋದದ್ದನ್ನು ಸಿಕ್ಕಿತು ಅಂತ ನಂಬಿಸಿ, ಅವಳ ನ್ಯಾಯವಾದ ಸಿಟ್ಟನ್ನು ನಾನೇ ಕಿತ್ತುಕೊಂಡೆ.

ಎರಡು ವರ್ಷಕ್ಕೆ ಅಜ್ಜಿ ಹಾಸಿಗೆ ಹಿಡಿದಳು. ಒಂದು ದಿನ ತಾತನನ್ನು ಕರೆಸಿ ಪಕ್ಕ ಕೂರಿಸಿಕೊಂಡು, "ಆವತ್ತು ತಟ್ಟೆ ತೊಳೆದಿರಲ್ಲ, ನನಗೆ ಅಷ್ಟು ಸಾಕು" ಅಂದಳು. ನಾನು ಕಾಲ ಹತ್ತಿರ ನಿಂತಿದ್ದೆ. ಈಗಲಾದರೂ ಹೇಳ್ತಾರೆ ಅಂತ ಕಾದೆ. ತಾತ ಅವಳ ಕೈ ಹಿಡಿದುಕೊಂಡು, "ಅದೇನು ಮಹಾ ಬಿಡೇ" ಅಂದರು.

ಅಜ್ಜಿಯ ಕರ್ಮಾಂತರವೆಲ್ಲ ಮುಗಿದು ನೆಂಟರು ಹೊರಟ ಮೇಲೆ ತಾತ ಒಬ್ಬರೇ ಊಟಕ್ಕೆ ಕೂತರು. ಉಂಡು, ತಟ್ಟೆ ಅಲ್ಲೇ ಬಿಟ್ಟು ಎದ್ದರು. ನಾನು ತೆಗೆದುಕೊಂಡು ಹೋಗಿ ತೊಳೆದೆ. ಯಾರೇ ತೊಳೆದದ್ದು ಅಂತ ಕೇಳೋಕೆ ಅಜ್ಜಿ ಇರಲಿಲ್ಲ.