ಕೆರೆಯ ತಿರುವಿನ ಬಿಸಿಲು

ಅರವತ್ತು ತುಂಬಿದವನಿಗೆ ಸೈಕಲ್ ಕಲಿಸುವುದು ಎಂಥ ಕೆಲಸವೆಂದು ಕಲಿಸಿದವರಿಗೇ ಗೊತ್ತು. ನಾನು ಕಲಿಸಿದ್ದೇನೆ. ಡಿಪೋ ಹಿಂದಿನ ಖಾಲಿ ಜಾಗದಲ್ಲಿ ಒಂದು ಕೈಯಲ್ಲಿ ಸೀಟು, ಇನ್ನೊಂದರಲ್ಲಿ ಕ್ಯಾರಿಯರ್ ಹಿಡಿದು ಎರಡು ವಾರ ಅವನ ಹಿಂದೆ ಓಡಿದ್ದೇನೆ. ವರ್ಷಗಟ್ಟಲೆ ಬಸ್ಸು ಓಡಿಸಿದ ಮನುಷ್ಯ ಸೈಕಲ್ಲಿನ ಮೇಲೆ ಅಕ್ಕಿಮೂಟೆಯ ಹಾಗೆ ಕೂರುತ್ತಿದ್ದ. ತಿರುಗುವುದಕ್ಕೆ ಒಂದು ಫರ್ಲಾಂಗು ಮುಂಚೆಯೇ ಕೈ ಹೊರಗೆ ಚಾಚುತ್ತಿದ್ದ, ಚಾಚಿದ ಕೂಡಲೇ ಬೀಳುತ್ತಿದ್ದ. ಎದ್ದು ಬಟ್ಟೆ ಕೊಡವಿಕೊಂಡು ಮತ್ತೆ ಹತ್ತಿ, ನಾನು ಹಿಂದಿನಿಂದ "ರೈಟ್" ಅನ್ನುವವರೆಗೂ ಕಾಯುತ್ತಿದ್ದ. ನಾನು ಅನ್ನದಿದ್ದರೆ ಹೊರಡುತ್ತಲೇ ಇರಲಿಲ್ಲ. ಅದು ಇಪ್ಪತ್ತೆರಡು ವರ್ಷದ ಅಭ್ಯಾಸ. ಅವನು ಡ್ರೈವರ್, ನಾನು ಅದೇ ಬಸ್ಸಿನ ಕಂಡಕ್ಟರ್.

ಊರಿಗೆಲ್ಲ ಅವನು ನಿಧಾನಣ್ಣ. ಹೆತ್ತವರು ಇಟ್ಟ ಹೆಸರು ಡಿಪೋದ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಬಸ್ ನಿಲ್ದಾಣದಿಂದ ಹೊರಟು, ಕೆರೆಯ ದಂಡೆ ಹಿಡಿದು, ಆಚೆ ಬದಿಯ ಕಾರ್ಖಾನೆಗಳವರೆಗೆ ನಮ್ಮ ದಾರಿ. ಮುಂದೆ ಹಾಲಿನ ವ್ಯಾನು ತೆವಳುತ್ತಿದ್ದರೂ ಇವನು ಅದನ್ನು ದಾಟಿ ಹೋಗುತ್ತಿರಲಿಲ್ಲ. "ಅವಸರ ಇರೋರು ಇಳಿದು ನಡೀರಿ, ಇಲ್ಲದೋರು ಕೂತ್ಕೊಳ್ಳಿ" ಎಂದು ನಾನೇ ತಮಾಷೆ ಮಾಡುತ್ತಿದ್ದೆ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿ ನಗುತ್ತಿದ್ದ, ಅಷ್ಟೆ. ಅಷ್ಟು ವರ್ಷದಲ್ಲಿ ಒಂದು ಕೋಳಿಮರಿಯೂ ಅವನ ಚಕ್ರಕ್ಕೆ ಸಿಕ್ಕಿರಲಿಲ್ಲ.

ಅಂಥವನ ಬಸ್ಸಿಗೆ ಸಿಕ್ಕಿ ಒಬ್ಬ ಮನುಷ್ಯ ಸತ್ತ.

ಏಳು ವರ್ಷದ ಹಿಂದಿನ ಮಾತು. ಚಳಿಗಾಲ, ಆದರೆ ಮೈ ಕೊರೆಯುವ ಚಳಿಯಲ್ಲ. ಒಂದು ಸ್ವೆಟರ್ ಸಾಕೆನ್ನುವಷ್ಟು. ಬೆಳಗಿನ ಏಳು ಗಂಟೆಯ ಟ್ರಿಪ್ಪು. ಹತ್ತು ಹನ್ನೆರಡು ಜನ, ಎಲ್ಲರೂ ಅರೆನಿದ್ದೆಯಲ್ಲಿ. ಹಿಂದಿನ ಸೀಟಿನಲ್ಲಿ ಇಬ್ಬರು ಮಾತ್ರ ಕಿಟಕಿ ಮುಚ್ಚಬೇಕೋ ತೆರೆಯಬೇಕೋ ಎಂದು ಜಗಳ ಹಚ್ಚಿಕೊಂಡಿದ್ದರು, ನಾನು ಬಿಡಿಸುತ್ತಿದ್ದೆ. ಕೆರೆಯ ತಿರುವಿನಲ್ಲಿ ಒಂದು ಸದ್ದು ಕೇಳಿತು, ಆಮೇಲೆ ಬ್ರೇಕು. ಹಿಂದಿನ ಬಾಗಿಲಿನಿಂದ ಮೊದಲು ಇಳಿದವನು ನಾನೇ. ಸೈಕಲ್ಲಿನವನು ದಂಡೆಯ ಹುಲ್ಲಿನ ಮೇಲೆ ಬಿದ್ದಿದ್ದ. ಉಸಿರಿರಲಿಲ್ಲ. ರಸ್ತೆಯ ಅಂಚಿನ ಮಣ್ಣು ಇಬ್ಬನಿಗೆ ಒದ್ದೆಯಾಗಿತ್ತು. ಅದರ ಮೇಲೆ ಸೈಕಲ್ ಚಕ್ರದ ಗೆರೆ ಒಂದು ಗೇಣೂ ಒಳಗೆ ಸರಿಯದೆ, ಅಂಚಿನುದ್ದಕ್ಕೂ ನೆಟ್ಟಗೆ ಬಂದಿತ್ತು. ಕೊನೆಗೆ ನಮ್ಮ ಬಸ್ಸಿನ ಟೈರಿನ ಗುರುತು ಅದರ ಮೇಲೆಯೇ ಹಾದುಹೋಗಿತ್ತು. ಅದನ್ನು ನಾನು ಕಣ್ಣಾರೆ ಕಂಡೆ. ಸ್ವಲ್ಪ ಹೊತ್ತಿನಲ್ಲಿ ಜನ ಸೇರಿದರು, ತುಳಿದಾಡಿದರು, ಗುರುತೇ ಉಳಿಯಲಿಲ್ಲ.

ನಿಧಾನಣ್ಣ ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದ. "ಬಿಸಿಲು ಕಣ್ಣಿಗೆ ಹೊಡೀತು ಕಣೋ, ಏನೂ ಕಾಣಲಿಲ್ಲ" ಎಂಬುದೊಂದೇ ಮಾತು ಅವನ ಬಾಯಲ್ಲಿ.

ವಿಚಾರಣೆಯಲ್ಲಿ ನನ್ನನ್ನೂ ಕರೆದು ಕೇಳಿದರು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎಂದೆ. ಸೈಕಲ್ಲಿನವನು ಇದ್ದಕ್ಕಿದ್ದಂತೆ ರಸ್ತೆಯ ನಡುವಿಗೆ ಬಂದ ಎಂದೂ ಹೇಳಿದೆ. ಮೊದಲನೆಯದು ನಾನು ನೋಡಿಯೇ ಇರದ ಸಂಗತಿ. ಎರಡನೆಯದು ಶುದ್ಧ ಸುಳ್ಳು. ಹೋದವನು ಹೇಗೂ ಹೋದ, ಇರುವವನನ್ನಾದರೂ ಉಳಿಸಿಕೊಳ್ಳೋಣ ಎಂದು ಹಾಗೆ ಮಾಡಿದೆನೆಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಅಷ್ಟೂ ಯೋಚಿಸಿರಲಿಲ್ಲ. ಬಾಯಿಗೆ ಬಂತು, ಹೇಳಿಬಿಟ್ಟೆ. ಅದನ್ನೇ ಬರೆದುಕೊಂಡರು, ಡ್ರೈವರಿನ ತಪ್ಪಿಲ್ಲವೆಂದು ತೀರ್ಮಾನವಾಯಿತು.

"ಅವನು ಮಧ್ಯಕ್ಕೆ ಬಂದಿದ್ನಾ? ನೀನು ನೋಡಿದ್ಯಾ?" ಎಂದು ನಿಧಾನಣ್ಣ ನನ್ನನ್ನು ಕೇಳಿದ.

"ನೋಡಿದೆ ಅಣ್ಣ" ಎಂದೆ.

ಮತ್ತೆ ಅವನು ಆ ವಿಷಯ ಎತ್ತಲಿಲ್ಲ. ಆದರೆ ಸ್ಟೀರಿಂಗನ್ನೂ ಮುಟ್ಟಲಿಲ್ಲ. ಎಷ್ಟು ಹೇಳಿದರೂ ಕೇಳದೆ ಡಿಪೋ ಗೇಟಿನ ಕೆಲಸ ಬರೆಸಿಕೊಂಡು, ಬರುವ ಹೋಗುವ ಬಸ್ಸುಗಳ ಹೊತ್ತು ಬರೆಯುತ್ತಾ ನಿವೃತ್ತನಾದ. ಆದ ಮರುವಾರವೇ ಎಲ್ಲಿಂದಲೋ ಒಂದು ಹಳೇ ಸೈಕಲ್ ತಂದು, "ಡಾಕ್ಟರು ಹೇಳಿದಾರೆ, ಮಂಡಿಗೆ ಒಳ್ಳೇದಂತೆ. ಕಲಿಸಿಕೊಡು" ಎಂದ. ನಾನು ಪೂರಾ ನಂಬಿದೆ.

ಮಾರನೇ ವರ್ಷ ನಾನೂ ನಿವೃತ್ತನಾದೆ. ಆ ಚಳಿಗಾಲವೂ ಹಿತವಾಗಿಯೇ ಬಂತು. ದಿನಾ ಬೆಳಕು ಹರಿಯುವ ಹೊತ್ತಿಗೆ ಇಬ್ಬರೂ ಹೊರಡುತ್ತಿದ್ದೆವು, ನನ್ನ ಕ್ಯಾರಿಯರಿನಲ್ಲಿ ಚಹಾದ ಫ್ಲಾಸ್ಕು. ದಿನಕ್ಕೆ ಎಂಟು ಸಲ ಓಡಾಡಿದ ದಾರಿ ಅದು, ಆದರೂ ನೋಡಿಯೇ ಇಲ್ಲವಲ್ಲ ಅನ್ನಿಸುತ್ತಿತ್ತು. ಬಸ್ಸಿಗೆ ಗೊತ್ತೇ ಆಗದಿದ್ದ ಏರು ಈಗ ತೊಡೆಗೆ ಗೊತ್ತಾಗುತ್ತಿತ್ತು. ಏರು ಮುಗಿದು ಇಳಿಜಾರು ಬಂದಾಗ ಪೆಡಲ್ ಬಿಟ್ಟು ಸುಮ್ಮನೆ ಕೂತರೆ, ತಣ್ಣನೆಯ ಗಾಳಿ ಅಂಗಿಯೊಳಗೆ ಹೊಕ್ಕು ಬೆನ್ನಿನ ಬೆವರು ಆರಿಸುತ್ತಿತ್ತು. ನೀರಿನ ಮೇಲೆ, ಹಾಲು ಕಾಯುವಾಗ ಏಳುವ ಹಬೆಯಂಥ ಮಂಜು. ಅದರೊಳಗೆ ಉದ್ದ ಕಾಲಿನ ಬಿಳಿ ಹಕ್ಕಿಗಳು ಒಂದೊಂದೇ ಹೆಜ್ಜೆ ಇಡುತ್ತಿದ್ದವು. ಜೊಂಡಿನ ಹಸಿ ವಾಸನೆ ಬರುತ್ತಿತ್ತು. ಚೈನಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಿಧಾನಣ್ಣ ಹಳೇ ಬಸ್ ಸ್ಟಾಪುಗಳಲ್ಲೆಲ್ಲ ತನಗೆ ಅರಿವಿಲ್ಲದೆಯೇ ಬ್ರೇಕು ಹಾಕುತ್ತಿದ್ದ. "ಹತ್ತೋರು ಯಾರೂ ಇಲ್ಲ, ನಡಿಯಣ್ಣಾ" ಎಂದರೆ ಮಗುವಿನ ಹಾಗೆ ನಾಚಿಕೊಳ್ಳುತ್ತಿದ್ದ. ನಾನು ಸುಖವಾಗಿದ್ದೆ. ಆ ರಸ್ತೆಯಲ್ಲಿ ಹಾಗೆ ಸುಖವಾಗಿರುವ ಹಕ್ಕು ನನಗಿರಲಿಲ್ಲ, ಆದರೂ ಇದ್ದೆ.

ಒಂದು ಬೆಳಿಗ್ಗೆ ದಂಡೆಯ ಮೇಲೆ ಚಹಾ ಕುಡಿಯುತ್ತಿದ್ದಾಗ ಅವನು ಕೇಳಿದ: "ಇದನ್ನೆಲ್ಲ ಅವನು ದಿನಾ ನೋಡ್ತಿದ್ದ, ಅಲ್ವಾ?"

ಯಾರು ಎಂದು ನಾನು ಕೇಳಲಿಲ್ಲ.

"ಪ್ರೆಸ್ಸಲ್ಲಿ ಕಾಗದ ಕತ್ತರಿಸೋ ಕೆಲಸ ಅವನದು. ಮನೆಯಿಂದ ಅಲ್ಲಿಗೆ ಹತ್ತಿರದ ದಾರಿ ಬೇರೆ ಇದೆ. ಚಳಿಗಾಲದಲ್ಲಿ ಮಾತ್ರ ಈ ಕಡೆ ಸುತ್ತಿಕೊಂಡು ಬರ್ತಿದ್ದನಂತೆ. ಯಾಕೆ ಸುತ್ತಬೇಕಿತ್ತು ಅಂತ ಏಳು ವರ್ಷ ತಲೆ ಕೆಡಿಸ್ಕೊಂಡೆ. ಮಂಡಿ ನೋವೂ ಇಲ್ಲ, ಮಣ್ಣೂ ಇಲ್ಲ, ಅದನ್ನ ತಿಳ್ಕೊಳ್ಳೋಕೇ ಸೈಕಲ್ ಕಲಿತಿದ್ದು." ಲೋಟವನ್ನು ಹುಲ್ಲಿನ ಮೇಲಿಟ್ಟ. "ಈಗ ತಿಳೀತು. ಅವನಿಂದ ನಾನು ಕಿತ್ಕೊಂಡಿದ್ದು ಇದನ್ನ."

ನಾನು ಉಳಿದ ಚಹಾವನ್ನು ಹುಲ್ಲಿಗೆ ಚೆಲ್ಲಿದೆ.

ಆ ದಿನ ಬಂತು, ಅಪಘಾತವಾದ ಅದೇ ತಾರೀಖು. ಅವತ್ತು ಅವನು ಗಡಿಯಾರ ನೋಡಿಕೊಂಡೇ ಸೈಕಲ್ ಹೊಡೆದ. ಅಪಘಾತದ ಹೊತ್ತಿಗೇ, ಏಳೂ ಇಪ್ಪತ್ತಕ್ಕೆ ಸರಿಯಾಗಿ ತಿರುವಿನಲ್ಲಿ ಇಳಿದು, ರಸ್ತೆಯನ್ನೇ ನೋಡುತ್ತಾ ನಿಂತ. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ. ಆದರೂ ರಸ್ತೆಯ ಮೇಲೆ ಬಿಸಿಲಿಲ್ಲ. ಆ ಜಾಗದಲ್ಲಿ ಎದುರಿಗೆ ಗುಡ್ಡ ಅಡ್ಡ ಬರುತ್ತದೆ, ಸೂರ್ಯ ಇನ್ನೂ ಅದರ ಹಿಂದೆಯೇ ಇದ್ದ.

"ಬಿಸಿಲೆಲ್ಲೋ?" ಎಂದ.

"ಅವತ್ತು ಬೇರೆ ಥರ ಇತ್ತೇನೋ ಅಣ್ಣ" ಎಂದೆ.

"ಸೂರ್ಯ ಬೇರೆ ಇದ್ನಾ?" ಎಂದು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಮೋರಿಯ ಗೋಡೆ ಹತ್ತಿದ. "ಡ್ರೈವರ್ ಸೀಟಲ್ಲಿ ಕೂತ್ರೆ ಕಣ್ಣು ಹೆಚ್ಚುಕಮ್ಮಿ ಇಷ್ಟೆತ್ತರಕ್ಕೆ ಬರುತ್ತೆ." ಅಲ್ಲಿ ನಿಂತು ಮೊದಲು ನೇರ ಮುಂದೆ ನೋಡಿದ. ನೆರಳು. ಆಮೇಲೆ ಮೆಲ್ಲಗೆ ಮುಖವನ್ನು ಕೆರೆಯ ಕಡೆ ತಿರುಗಿಸಿದ. ಗುಡ್ಡದ ಪಕ್ಕದಿಂದ ಇಳಿದ ಬಿಸಿಲು ದೂರದ ನೀರಿನ ಮೇಲೆ ಬಿದ್ದು, ಅಲ್ಲಿಂದ ಎಗರಿ ಅವನ ಮುಖಕ್ಕೆ ಹೊಡೆಯಿತು. ಅವನು ಕಣ್ಣು ಮುಚ್ಚಿಕೊಂಡ.

"ನಾನು ರಸ್ತೆ ನೋಡ್ತಿರಲಿಲ್ಲ" ಎಂದ. "ಕೆರೆ ನೋಡ್ತಿದ್ದೆ. ಹಕ್ಕಿಗಳು ಒಟ್ಟಿಗೆ ಎದ್ದವು, ಈಗ ನೆನಪಾಗ್ತಿದೆ. ಅದನ್ನ ನೋಡ್ತಾ ಬಸ್ಸು ಆ ಕಡೆಗೇ ಎಳೆದೆ."

ಇನ್ನೂ ಮೂರು ದಿನ ಅದೇ ಹೊತ್ತಿಗೆ ಬಂದು ಗೋಡೆ ಹತ್ತಿ ನೋಡಿದ. ನಾಲ್ಕನೇ ದಿನ, "ಅವನ ಹೆಂಡ್ತಿ ಹತ್ರ ಹೋಗಿ ಹೇಳ್ಬೇಕು" ಎಂದ.

"ತಲೆ ಕೆಟ್ಟಿದೆಯಾ ನಿನಗೆ? ಮುಗಿದು ಹೋಗಿದ್ದನ್ನ ಕೆದಕಿ ಏನು ಸಿಗುತ್ತೆ? ಆಯಮ್ಮ ಹೇಗೋ ಸಮಾಧಾನ ಮಾಡ್ಕೊಂಡಿರ್ತಾರೆ. ಮತ್ತೆ ಹೋಗಿ ಗಾಯಕ್ಕೆ ಉಪ್ಪು ಸವರ್ತೀಯಾ?" ಎಂದು ರೇಗಾಡಿದೆ.

ಅವನು ರೇಗಲಿಲ್ಲ. "ನೀನು ಬರೋದು ಬೇಡ. ನಿನ್ನದೇನೂ ತಪ್ಪಿಲ್ಲ. ನೀನು ಕಂಡಿದ್ದನ್ನ ಹೇಳಿದೆ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಈ ಮಾತನ್ನು ಸಹಿಸಲಾಗಲಿಲ್ಲ. ಆದರೂ ಆ ಕ್ಷಣದಲ್ಲಿ ಬಾಯಿ ಬಿಡಲಿಲ್ಲ. ಅವನ ಜೊತೆ ಹೋದೆ, ಅದೂ ದೊಡ್ಡ ಮನಸ್ಸಿನಿಂದೇನಲ್ಲ. ನಾನಿಲ್ಲದಾಗ ಅಲ್ಲಿ ಏನು ಮಾತು ಬಂದೀತೋ ಎಂಬ ಭಯದಿಂದ ಹೋದೆ.

ವಿಳಾಸ ಅವನಿಗೆ ಏಳು ವರ್ಷದಿಂದ ಬಾಯಿಪಾಠ. ಕಿರಿದಾದ ಬೀದಿ, ಎರಡೇ ಕೋಣೆಯ ಮನೆ. ಮುಂದಿನ ಕೋಣೆಯಲ್ಲೇ ಆಕೆ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಮಾಡುತ್ತಿದ್ದರು. ಗೋಡೆಯುದ್ದಕ್ಕೂ ಹಾಳೆಗಳ ಕಟ್ಟು, ಡಬ್ಬಿಯಲ್ಲಿ ಅಂಟು, ಕೋಣೆಯ ತುಂಬ ಅದರದ್ದೇ ಹುಳಿ ವಾಸನೆ. ಸುಮಾರು ನಲವತ್ತೈದರ ವಯಸ್ಸು, ಬೆರಳ ತುದಿಗಳು ದಾರ ಎಳೆದೆಳೆದು ಗಟ್ಟಿಯಾಗಿದ್ದವು. ನಿಧಾನಣ್ಣ ತಾನು ಯಾರೆಂದು ಹೇಳಿದ. ಆಕೆಯ ಕೈ ಒಂದು ಸಲ ನಿಂತು ಮತ್ತೆ ಹೊಲಿಗೆಗೆ ಹೋಯಿತು. ಕೂರಿ ಎನ್ನಲಿಲ್ಲ. ಅವನು ನಿಂತುಕೊಂಡೇ ಎಲ್ಲವನ್ನೂ ಹೇಳಿದ. ಗುಡ್ಡ, ಗೋಡೆ, ನೀರಿನ ಬಿಸಿಲು, ಹಕ್ಕಿಗಳು, ಯಾವುದನ್ನೂ ಬಿಡಲಿಲ್ಲ. "ತಪ್ಪು ನನ್ನದು ತಾಯಿ. ನಾಳೆ ಆಫೀಸಿಗೂ ಬರೆದುಕೊಡ್ತೀನಿ" ಎಂದ.

"ನಿಮ್ಮನ್ನ ಕ್ಷಮಿಸೋಕೆ ನನ್ನಿಂದ ಆಗಲ್ಲ. ಕೇಳಲೂಬೇಡಿ" ಎಂದರು ಆಕೆ, ದಾರ ಬಿಗಿಯುತ್ತಾ. "ಆದ್ರೆ ನಿಮ್ಮ ಮೇಲಿರೋ ಸಿಟ್ಟು ಏನೂ ಅಲ್ಲ. ನಮ್ಮನೆಯವರ ಮೇಲಿದೆಯಲ್ಲ, ಅದಕ್ಕೇನು ಮಾಡ್ಲಿ? ಮಧ್ಯ ರಸ್ತೆಗೆ ಬಂದ್ರು ಅಂತ ಕಾಗದದಲ್ಲಿ ಬರೆದಿದೆ. ಹಕ್ಕಿ ನೋಡ್ತಾ ಮೈಮರೆತಿರ್ತಾರೆ, ಮನೆ ಮಠ ಯಾವುದೂ ನೆನಪಿರಲ್ಲ ಅವರಿಗೆ. ಏಳು ವರ್ಷದಿಂದ ಅವರನ್ನ ಬೈಕೊಂಡೇ ಬದುಕಿದೀನಿ. ಈ ಕೋಣೇಲಿ ಒಬ್ಬಳೇ ಕೂತು, ಜೋರಾಗಿ, ಹೆಸರು ಹಿಡಿದು ಬೈದಿದೀನಿ."

ಆಮೇಲೆ ನನ್ನ ಕಡೆ ನೋಡಿದರು. "ನೀವು ಯಾರು?"

"ಆ ಬಸ್ಸಿನ ಕಂಡಕ್ಟರ್" ಎಂದೆ.

"ಅದನ್ನ ನೋಡಿದ್ದು ನೀವೇನಾ?"

ನಿಧಾನಣ್ಣ ಪಕ್ಕದಲ್ಲೇ ನಿಂತಿದ್ದ. ನೋಡಿದೆ ಎಂದರೆ ಸಾಕಿತ್ತು, ಅಲ್ಲಿಗೆ ನನ್ನ ಪಾಲಿಗೆ ಎಲ್ಲವೂ ಮುಗಿಯುತ್ತಿತ್ತು. ಹೇಳಲು ಬಾಯಿಯನ್ನೂ ತೆರೆದೆ.

"ಇಲ್ಲಮ್ಮ. ಸುಳ್ಳು ಹೇಳಿದೆ. ಅವರು ಮಧ್ಯಕ್ಕೆ ಬಂದಿರಲಿಲ್ಲ. ಅಂಚಿನ ಮಣ್ಣಲ್ಲಿ ಅವರ ಸೈಕಲ್ ಗೆರೆ ನೆಟ್ಟಗೆ ಇತ್ತು. ನಾನೇ ನೋಡಿದೀನಿ. ಒಂದು ಚೂರೂ ಆಚೆ ಈಚೆ ಸರಿದಿರಲಿಲ್ಲ."

ನಿಧಾನಣ್ಣ ನನ್ನ ಕಡೆ ತಿರುಗಿದ. ಇಪ್ಪತ್ತೆರಡು ವರ್ಷ ಅವನು ನನ್ನನ್ನು ಹೆಚ್ಚಾಗಿ ನೋಡಿದ್ದು ಕನ್ನಡಿಯಲ್ಲೇ. ಈಗ ನೇರವಾಗಿ ನೋಡಿದ. ಗೋಡೆ ಹಿಡಿದು ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟ. ಏಳು ವರ್ಷ ನಿಜ ತಿಳಿಯಗೊಡದೆ ಅವನಿಗೆ ಎಲ್ಲಕ್ಕಿಂತ ದೊಡ್ಡ ಅನ್ಯಾಯ ಮಾಡಿದವನು ನಾನೇ ಎಂದು ನನಗೆ ಆಗ ಗೊತ್ತಾಯಿತು.

ಆಕೆ ಬೈಯಲಿಲ್ಲ. ಸೂಜಿಯನ್ನು ಹಾಳೆಯ ಕಟ್ಟಿಗೆ ಚುಚ್ಚಿಟ್ಟು ಎದ್ದರು. "ಒಳಗೆ ನಮ್ಮತ್ತೆ ಇದಾರೆ. ಕಿವಿ ಮಂದ. ನಾನು ಅವರ ಮಗನನ್ನ ಬೈಯುವಾಗೆಲ್ಲ ಗೋಡೆ ಕಡೆ ತಿರುಗಿ ಮಲಗಿಬಿಡ್ತಾರೆ. ಬನ್ನಿ. ಇದನ್ನ ಅವರಿಗೆ ಹೇಳಿ."

ಕಿಟಕಿಯ ಪಕ್ಕದ ಮಂಚದಲ್ಲಿ ಒಂದು ಹಿಡಿಯಷ್ಟಾಗಿದ್ದ ಮುದುಕಿ ಕೂತಿದ್ದರು. ನಾನು ಬಗ್ಗಿ, ಕಿವಿಯ ಹತ್ತಿರ ಜೋರಾಗಿ ಹೇಳಿದೆ: "ಅಮ್ಮಾ, ನಿಮ್ಮ ಮಗ ರಸ್ತೆ ಅಂಚಲ್ಲೇ ಹೋಗ್ತಿದ್ರು. ಅವರದು ಏನೂ ತಪ್ಪಿರಲಿಲ್ಲ. ನಾನು ಸುಳ್ಳು ಹೇಳಿದ್ದೆ."

"ಏನಂದೆ?"

ಇನ್ನೂ ಜೋರಾಗಿ ಹೇಳಿದೆ. ಎದುರು ಮನೆಯ ಬಾಗಿಲು ತೆರೆದುಕೊಂಡಿತು. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬರು ನಿಂತು ಕಿಟಕಿಯ ಕಡೆ ನೋಡಿದರು.

"ಏನು?" ಎಂದು ಮುದುಕಿ ನನ್ನ ಅಂಗಿಯ ತೋಳು ಹಿಡಿದುಕೊಂಡರು.

ಮೂರನೇ ಸಲ ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಿದೆ. ನನ್ನ ದನಿ ಒಡೆಯಿತು. ಮುದುಕಿ ಮತ್ತೆ "ಏನಪ್ಪಾ?" ಎಂದರು. ನಾನು ಸೋತು ಸೊಸೆಯ ಕಡೆ ತಿರುಗಿ, "ಇವರಿಗೆ ಕೇಳಿಸ್ತಾ ಇಲ್ಲಮ್ಮ" ಎಂದೆ.

ಆಕೆ ಬಾಗಿಲಿಗೆ ಒರಗಿ, ಎರಡೂ ಅಂಗೈಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. "ಕೇಳಿಸಿದೆ. ಮೊದಲನೇ ಸಲಾನೇ ಕೇಳಿಸಿದೆ ಅವರಿಗೆ. ಇನ್ನೊಂದ್ಸಲ ಹೇಳಿ" ಎಂದರು.

ನಾನು ಮಂಚದ ಪಕ್ಕ ನೆಲದ ಮೇಲೆ ಕೂತು, ಮತ್ತೆ ಮೊದಲಿನಿಂದ ಹೇಳಿದೆ.