ಕವಣೆ ಪಡೆಗೆ ನನ್ನ ಧ್ವನಿ

ಪುಟ್ಟಿ, ಚಿನ್ನು, ದೊಡ್ಡವರಾದ ಮೇಲೆ ನೀವಿಬ್ಬರೂ ಇದನ್ನು ಮರೆತುಬಿಡುತ್ತೀರಿ. ಇಲ್ಲವೇ ನೆನಪಿಟ್ಟುಕೊಂಡು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತೀರಿ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತಿದ್ದೇನೆ. ನಡುನಡುವೆ ನಗು ಬಂದು ಕೈ ಅಲ್ಲಾಡುತ್ತದೆ, ಅಕ್ಷರ ಓರೆಯಾಗಿದ್ದರೆ ಸಹಿಸಿಕೊಳ್ಳಿ.

ನೀವು ಕಂಪ್ಯೂಟರಿನಲ್ಲಿ ಆಡುವ ಯುದ್ಧದ ಆಟದ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಹದ್ದು ಮೇಲಿನಿಂದ ನೋಡಿದ ಹಾಗೆ ಬಯಲು ಕಾಣುತ್ತದೆ, ಇರುವೆ ಸಾಲಿನ ಹಾಗೆ ಸೈನಿಕರು ನಡೆಯುತ್ತಾರೆ. ಹಳೇ ಕಾಲದ ಎಷ್ಟೋ ರಾಜರು ಅದರಲ್ಲಿದ್ದರು, ನಮ್ಮ ಕಡೆಯ ಪಾಳೆಯಗಾರರು ಇರಲಿಲ್ಲ. ಆಟ ಮಾಡಿದವರು ಬಿಟ್ಟದ್ದನ್ನು ಆಡುವವರೇ ತಯಾರಿಸಿ ಸೇರಿಸಬಹುದು ಎಂದು ಪುಟ್ಟಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಯಾರೋ ಮಾಡಿಟ್ಟ ಸಾರಿಗೆ ನಾವು ಒಗ್ಗರಣೆ ಹಾಕಿದ ಹಾಗೆ. ಊರೂರಿನ ಹುಡುಗರ ಒಂದು ಗುಂಪು ಹೀಗೆ ಪಾಳೆಯಗಾರರ ಸೈನ್ಯ ಕಟ್ಟುತ್ತಿತ್ತು. ಒಬ್ಬರು ಕುದುರೆ ಸವಾರರನ್ನು ಮಾಡಿದರೆ ಇನ್ನೊಬ್ಬರು ಈಟಿಯವರನ್ನು. ನೀವು ಕವಣೆ ಬೀಸುವ ಹೆಂಗಸರನ್ನು ಆರಿಸಿಕೊಂಡಿರಿ. ಚಿಕ್ಕವಳಿದ್ದಾಗ ನಾನು ರಾಗಿ ಹೊಲದ ನಡುವಿನ ಜೋಳದ ಸಾಲಿಗೆ ಬೀಳುವ ಗಿಳಿಗಳನ್ನು ಕವಣೆಯಲ್ಲಿ ಕಲ್ಲಿಟ್ಟು ಬೀಸಿ ಓಡಿಸುತ್ತಿದ್ದೆ ಎಂದು ಯಾವಾಗಲೋ ಹೇಳಿದ್ದೆನಲ್ಲ, ಅದು ನಿಮ್ಮ ತಲೆಯಲ್ಲಿ ಕೂತಿತ್ತು.

ಬೇಸಿಗೆ ರಜೆಯೆಲ್ಲ ಅದೇ ಕೆಲಸ. ಚಿನ್ನು ಕಲ್ಲು ಹಾರುವ ದಾರಿ ತಿದ್ದಿದ. ಪುಟ್ಟಿ ನನ್ನ ಹಳೇ ಚೌಕಳಿ ಸೀರೆಯ ಫೋಟೊ ತೆಗೆದು, ಆ ಹೆಂಗಸರಿಗೆಲ್ಲ ಅದನ್ನೇ ಉಡಿಸಿದಳು. ಅಷ್ಟೊಂದು ಜನ ನನ್ನ ಸೀರೆ ಉಟ್ಟು ಬಿಸಿಲಿನಲ್ಲಿ ಸಾಲಾಗಿ ನಿಂತದ್ದು ನೋಡಿ ನನಗೆ ಮೊದಲು ಹೊಳೆದದ್ದು, ಇವನ್ನೆಲ್ಲ ಒಗೆಯುವವರು ಯಾರು ಅಂತ.

ಆಮೇಲೆ ಬಂತು ಧ್ವನಿಯ ತಾಪತ್ರಯ. ಗುಂಪಿನ ಮುಂದಾಳು ಹುಬ್ಬಳ್ಳಿ ಕಡೆಯ ಹುಡುಗ. ಪ್ರತಿ ಪಡೆಯೂ ಮಾತಾಡಬೇಕು, ಕರೆದರೆ ಓಗೊಡಬೇಕು, ನುಗ್ಗುವಾಗ ಕೂಗಬೇಕು, ಸೋತು ಓಡುವಾಗಲೂ ಏನಾದರೂ ಅನ್ನಬೇಕು ಎಂಬುದು ಅವನ ನಿಯಮ. ಭಾನುವಾರದೊಳಗೆ ಧ್ವನಿ ಬರದಿದ್ದರೆ ಕವಣೆ ಪಡೆಯನ್ನು ಕೈಬಿಡುವುದಾಗಿ ಹೇಳಿದ್ದ. ಪುಟ್ಟಿ ತಾನೇ ಮಾತಾಡಿ ನೋಡಿದಳು.

"ಅಕ್ಕ, ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಬನಶಂಕರಿ ಅಂದಂಗಿದೆ" ಅಂದ ಚಿನ್ನು.

ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದಿರಿ.

ನಾನೋ, ಬಸ್ಸಿನಲ್ಲಿ "ಇಳೀಬೇಕು" ಅನ್ನಲು ನಾಚಿಕೆಯಾಗಿ, ನಮ್ಮ ಜರಗನಹಳ್ಳಿ ಸ್ಟಾಪು ದಾಟಿ ಹೋಗಿ, ಮುಂದಿನ ಸ್ಟಾಪಿನಿಂದ ನಡೆದು ಬರುವವಳು. ನಾನು ಅಡುಗೆಮನೆಯಿಂದ ಕರೆದರೆ ಹಜಾರದಲ್ಲಿದ್ದ ನಿಮ್ಮ ತಾತನಿಗೇ ಕೇಳುತ್ತಿರಲಿಲ್ಲ. "ಮಿಸ್ ಕಾಲ್ ಕೊಡೆ, ಬರ್ತೀನಿ" ಅನ್ನುತ್ತಿದ್ದರು.

"ನನ್ ಧ್ವನಿ ಊರೋರೆಲ್ಲ ಕೇಳೋದಾ? ಬ್ಯಾಡ ಕಣ್ರವ್ವಾ" ಅಂದೆ.

ಚಿನ್ನು ಹಟ ಮಾಡಲಿಲ್ಲ. ಸುಮ್ಮನೆ ಕಂಪ್ಯೂಟರ್ ಮುಚ್ಚಿ, ಅದರ ಮುಚ್ಚಳದ ಮೇಲಿನ ಧೂಳು ಒರೆಸತೊಡಗಿದ. ಹಟ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಮುಖ ತೋರಿಸಬಾರದು, ಹೆಸರು ಹಾಕಬಾರದು ಅಂತ ಮಾತು ತಗೊಂಡು ಒಪ್ಪಿದೆ.

ರಸ್ತೆಯ ಸದ್ದು ಬೀಳಬಾರದೆಂದು ನನ್ನನ್ನು ವಾರ್ಡ್‌ರೋಬಿನ ಒಳಗೆ, ನೇತುಹಾಕಿದ ಸೀರೆಗಳ ನಡುವೆ ಮಣೆ ಹಾಕಿ ಕೂರಿಸಿದಿರಿ. ಮೊದಲ ಸಲ "ಹೊಡೀರಪ್ಪ ಸ್ವಲ್ಪ" ಅಂದೆ. ಪುಟ್ಟಿ ನೆಲದ ಮೇಲೆ ಉರುಳಾಡಿ ನಕ್ಕಳು. ಎರಡನೇ ಸಲ ತರಕಾರಿ ಗಾಡಿಯವನ ಮೈಕು ನನ್ನ ಮೇಲೆ ಕೂಗಿತು. ಆಮೇಲೆ ಕಣ್ಣು ಮುಚ್ಚಿಕೊಂಡೆ. ಜೋಳದ ತೆನೆ ಕಂಡಿತು, ಹಸಿರು ಮೋಡದ ಹಾಗೆ ಇಳಿಯುವ ಗಿಳಿಗಳು ಕಂಡವು. ಹೊಟ್ಟೆಯೊಳಗಿಂದ ಒಂದು ಕೂಗು ಬಂತು ನೋಡಿ, ನನಗೇ ಕಿವಿ ಗುಂಯ್ ಅಂದಿತು.

ಕೆಳಗಿನ ಮನೆಯ ಬಾಡಿಗೆಯವಳು ಲಟ್ಟಣಿಗೆ ಹಿಡಿದು ಓಡಿ ಬಂದಳು. "ಆಂಟಿ, ಏನಾಯ್ತು? ಕಳ್ಳನಾ?"

ವಾರ್ಡ್‌ರೋಬಿನಿಂದ ತಲೆ ಹೊರಗೆ ಹಾಕಿ, "ಏನಿಲ್ಲಮ್ಮ, ಗಿಳಿ" ಅಂದೆ. ಅವಳು ಮಂಚದ ಕೆಳಗೆಲ್ಲ ನೋಡಿ ಹೋದಳು.

ಉಳಿದದ್ದು ಸೋತು ಓಡುವ ಮಾತು. ಪುಟ್ಟಿ ಬರೆದುಕೊಟ್ಟಿದ್ದಳು: ಸತ್ವಿ, ಮುಗೀತು, ಓಡ್ರೋ.

"ದೀಪ ಹಚ್ಚೋ ಹೊತ್ನಲ್ಲಿ ಮನೇಲಿ ಕೂತು ಸತ್ವಿ ಅನ್ನೋದಾ? ನನ್ ಕೈಲಾಗಲ್ಲ."

"ಅಜ್ಜಿ, ಅದು ಆಟ."

"ಆಟ ಆದ್ರೇನು, ನನ್ ಸೀರೆ ಉಟ್ಟವ್ರೆ."

"ಮತ್ತೆ ಓಡೋವಾಗ ಏನನ್ಬೇಕು?"

ಬೆಳಿಗ್ಗೆ ಸ್ಕೂಲಿಗೆ ಹೊರಟಾಗ ನೀವು "ಹೋಗ್ತೀನಿ" ಅಂದರೆ ನಾನು ಬಾಗಿಲಲ್ಲೇ ತಡೆದು ತಿದ್ದುತ್ತೇನಲ್ಲ. ಅದನ್ನೇ ನನ್ನ ಪಡೆಗೂ ಹೇಳಿಕೊಟ್ಟೆ. ಮೈಕಿನ ಮುಂದೆ, "ಹೋಗ್ಬರ್ತೀವಿ ಕಣ್ರಪ್ಪಾ" ಅಂದೆ.

ಪುಟ್ಟಿ ತಲೆ ಹಿಡಿದುಕೊಂಡಳು. "ಖಂಡಿತ ರಿಜೆಕ್ಟ್ ಮಾಡ್ತಾರೆ ಅಜ್ಜಿ." ಬೇರೆ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಅದನ್ನೇ ಕಳಿಸಿದಿರಿ. ನಿಮ್ಮ ರಜೆಯ ಕೆಲಸವೆಲ್ಲ ನನ್ನ ಒಂದು ಮಾತಿನಿಂದ ನೀರಿಗೆ ಹೋಗುತ್ತದಲ್ಲ ಎಂದು ಭಾನುವಾರದವರೆಗೆ ಎರಡು ದಿನ ನನಗೆ ಅನ್ನ ಸೇರಲಿಲ್ಲ.

ಭಾನುವಾರ ಪಡೆಗಳನ್ನು ಆಡಿಸಿ ನೋಡುವ ಪರೀಕ್ಷೆ, ಗುಂಪಿನವರೆಲ್ಲ ಅವರವರ ಮನೆಯಿಂದಲೇ ಸೇರಿದ್ದರು. ನೀವು ಕಂಪ್ಯೂಟರ್ ಮುಂದೆ, ನಾನು ಬಾಗಿಲ ಮರೆಯಲ್ಲಿ. ಹುಬ್ಬಳ್ಳಿಯ ಹುಡುಗ ಆನೆಗಳನ್ನು ನುಗ್ಗಿಸಿದ. ನನ್ನ ಹೆಂಗಸರು ಸ್ವಲ್ಪ ಹೊತ್ತು ನಿಂತು ಕಲ್ಲು ಬೀಸಿದರು, ಆಮೇಲೆ ಎಲ್ಲರೂ ಒಟ್ಟಿಗೇ ಬೆನ್ನು ತಿರುಗಿಸಿ ಓಡಿದರು. ಓಡುತ್ತಾ ಕೂಗಿದರು, ನನ್ನದೇ ಧ್ವನಿಯಲ್ಲಿ, "ಹೋಗ್ಬರ್ತೀವಿ ಕಣ್ರಪ್ಪಾ."

ಸ್ಪೀಕರಿನಲ್ಲಿ ಗುಂಪಿನ ಹುಡುಗನೊಬ್ಬ, "ಲೇ ಮಗಾ, ಸೋತು ಓಡ್ತಿಲ್ಲ ಕಣೋ ಇವ್ರು, ಬೀಗರ ಮನೆಯಿಂದ ಹೊರಟವ್ರೆ" ಅಂದ.

"ತಾಂಬೂಲ ಕೊಟ್ ಕಳ್ಸೋ ಗುರು" ಅಂತ ಇನ್ನೊಬ್ಬ.

ಮುಂದಾಳು ಆನೆ ನಿಲ್ಲಿಸಿ, "ಹೋಗಿ ಬರ್ರಿ ಅಜ್ಜಿ" ಅಂದ.

ಅವನು ನಗುತ್ತಾ ಕೂತಿದ್ದಾಗಲೇ, ದಿಬ್ಬದ ಹಿಂದೆ ಸುಧಾರಿಸಿಕೊಂಡ ನನ್ನ ಪಡೆ ತಿರುಗಿ ಬಂತು. ಆ ಆಟದಲ್ಲಿ ಓಡಿದವರು ಧೈರ್ಯ ತಗೊಂಡು ಮತ್ತೆ ಬರಬಹುದಂತೆ, ನನಗೆ ಗೊತ್ತಿರಲಿಲ್ಲ. ಗಿಳಿ ಓಡಿಸುವ ಕೂಗು ಹಾಕಿಕೊಂಡೇ ಬಂದರು. ಬೆನ್ನಿಗೆ ಕಲ್ಲು ಬಿದ್ದು ಆನೆಗಳೆಲ್ಲ ದಿಕ್ಕಾಪಾಲು.

"ಯಪ್ಪಾ, ಹೇಳಿದಂಗ ಬಂದೇಬಿಟ್ರಲ್ಲೋ" ಅಂದ ಮುಂದಾಳು. "ಆ ಮಾತು ತೆಗೀಬ್ಯಾಡ್ರಿ. ಕವಣೆ ಪಡೆ ನಮ್ ಜೋಡಿ ಇರ್ತದ."

ಚಿನ್ನು ನನ್ನನ್ನು ಬಾಗಿಲ ಮರೆಯಿಂದ ಎಳೆದು ಗಿರಗಿರನೆ ತಿರುಗಿಸಿದ. ನನ್ನ ಕನ್ನಡಕ ಬಿದ್ದುಹೋಯಿತು. ಈಗ ಈಟಿಯವರೂ ಕುದುರೆಯವರೂ ಸೋತು ಓಡುವಾಗ ಅದನ್ನೇ ಹೇಳುತ್ತಾರಂತೆ.

ಹೋದ ವಾರ ಬಸ್ಸಿನಲ್ಲಿ ಜರಗನಹಳ್ಳಿ ಹತ್ತಿರ ಬಂದಾಗ "ಇಳೀಬೇಕು" ಅಂದೆ. ಬಾಯಿಂದ ಹೊರಟದ್ದು ಗಿಳಿ ಓಡಿಸುವ ಕೂಗು. ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ, ಬಸ್ಸಿನವರೆಲ್ಲ ತಿರುಗಿ ನೋಡಿದರು. ಸೆರಗು ಬಾಯಿಗೆ ಹಿಡಿದು ಇಳಿದೆ. ಆದರೆ ನಮ್ಮ ಸ್ಟಾಪಿನಲ್ಲೇ ಇಳಿದೆ.

ಧ್ವನಿ ಯಾರದೆಂದು ಹಾಕೋಣ ಎಂದು ಮುಂದಾಳು ಕೇಳಿದ್ದಕ್ಕೆ ಪುಟ್ಟಿ ಕೊಟ್ಟ ಮಾತಿನಂತೆ ಬಾಯಿ ಬಿಡಲಿಲ್ಲ. ಆಟದಲ್ಲಿ ಎಲ್ಲೂ ನನ್ನ ಗುರುತಿಲ್ಲ, ಅದೇ ಸರಿ. ಆದರೂ ನಿಮ್ಮ ಮಕ್ಕಳು ಮುಂದೆ ಎಂದಾದರೂ ಆ ಆಟ ತೆರೆದು, ಓಡುತ್ತಿರುವ ಈ ಮುದುಕಿ ಯಾರು ಎಂದು ಕೇಳಿದರೆ ಗೊತ್ತಾಗಬೇಕಲ್ಲ. ಅದು ಈ ಹಾಳೆಗಳಲ್ಲಿ ಮಾತ್ರ ಇದೆ. ಚೌಕಳಿ ಸೀರೆಯ ಮಡಿಕೆಯೊಳಗೆ ಇಟ್ಟಿರುತ್ತೇನೆ. ಸೀರೆ ಕೊಡವುವಾಗ ಬೀಳಿಸಬೇಡಿ, ಜೋಪಾನವಾಗಿಟ್ಟುಕೊಳ್ಳಿ.