ನನ್ನ ಮುಖದ ಇನ್ನೊಂದು ಖಾತೆ

ನನ್ನ ಮುಖ ಕದ್ದವರು ಯಾರು ಎಂದು ಇವತ್ತಿಗೂ ಗೊತ್ತಿಲ್ಲ. ಸಿಕ್ಕರೆ ಮೊದಲು ಕೆನ್ನೆಗೆ ಎರಡು ಬಿಗಿದು ಆಮೇಲೆ ಮಾತಾಡಿಸುತ್ತೇನೆ.

ರಾಮನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಹೊಲಿದ ರವಿಕೆಗಳ ಫೋಟೊ ಹಾಕಲೆಂದು ಮೊಬೈಲಿನಲ್ಲಿ ಒಂದು ಖಾತೆ ತೆರೆದಿದ್ದೆ. ನಮ್ಮ ಕಡೆ ಹೆಂಗಸರು ಅಂಥ ಜಾಗದಲ್ಲಿ ಸ್ವಂತ ಮುಖ ಹಾಕುವುದು ಕಡಿಮೆ. ಗುಲಾಬಿ ಹೂವು, ಮಗುವಿನ ಫೋಟೊ, ಇಲ್ಲವೇ ಮನೆದೇವರು. ನಾನು ಕಬ್ಬಾಳಮ್ಮನ ಫೋಟೊ ಹಾಕಿ, ಹೆಸರಿನ ಜಾಗದಲ್ಲಿ ‘ಕಬ್ಬಾಳಮ್ಮನ ಮಗಳು’ ಎಂದು ಬರೆದಿದ್ದೆ. ಅದೇ ಮರ್ಯಾದೆ ಎಂದುಕೊಂಡಿದ್ದೆ.

ಚನ್ನಪಟ್ಟಣದ ಮದುವೆಯೊಂದರಲ್ಲಿ ತೆಗೆದ ನನ್ನ ಫೋಟೊ ಎತ್ತಿಕೊಂಡು, ನನ್ನ ನಿಜವಾದ ಹೆಸರನ್ನೇ ಬರೆದು ಯಾರೋ ಇನ್ನೊಂದು ಖಾತೆ ತೆರೆದರು. ಮಾಗಡಿ ಹತ್ತಿರದ ಕಲ್ಯದಲ್ಲಿ ನನ್ನ ದೊಡ್ಡಮ್ಮನ ಮಗಳು, ಅಕ್ಕ, ಇದ್ದಾಳೆ. ಅವಳ ಮಗಳು ಡಿಗ್ರಿ ಕೊನೆಯ ವರ್ಷ ಓದುತ್ತಿದ್ದಳು. ಆ ಹುಡುಗಿಯ ಫೋಟೊ ಕೆಳಗೆ ನನ್ನ ಹೆಸರಿನಲ್ಲಿ ಬಂತು: ‘ಕಾಲೇಜು ಅಂತ ಹೇಳ್ಬುಟ್ಟು ದಿನಾ ಮಾಗಡಿ ಬಸ್‌ಸ್ಟ್ಯಾಂಡಲ್ಲಿ ಯಾರ ಜೊತೆ ನಿಂತಿರ್ತೀಯವ್ವ?’

ನೆಂಟರೆಲ್ಲ ಓದಿದರು. ಒಬ್ಬೊಬ್ಬರಾಗಿ ಫೋನ್ ಮಾಡಿ ನನಗೆ ಛೀಮಾರಿ ಹಾಕಿದರು. ಮೈಯೆಲ್ಲ ಉರಿದುಹೋಯಿತು. ಅಕ್ಕನಿಗೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ಆ್ಯಪ್‌ನವರಿಗೆ ದೂರು ಕೊಟ್ಟೆ. ಗುರುತು ಸಾಬೀತು ಮಾಡಿ ಎಂದರು. ಆಧಾರ್ ಕಳಿಸಿದೆ. ವಿಡಿಯೊದಲ್ಲಿ ಮುಖ ಎಡಕ್ಕೆ ತಿರುಗಿಸಿ, ಬಲಕ್ಕೆ ತಿರುಗಿಸಿ ಎಂದರು. ಅಂಗಳದಲ್ಲಿ ನಿಂತು ಕತ್ತು ತಿರುಗಿಸುತ್ತಿದ್ದರೆ ನಮ್ಮತ್ತೆ, “ಯಾರ್ಗವ್ವ ಮಕ ತೋರುಸ್ತಿದ್ದೀಯ? ಒಲೆ ಮೇಲೆ ಹಾಲೈತೆ” ಎಂದರು. ಎರಡು ದಿನ ಬಿಟ್ಟು ಉತ್ತರ ಬಂತು. ಮುಖವೂ ಇಲ್ಲದ, ಹೆಸರೂ ಇಲ್ಲದ ನನ್ನ ಖಾತೆಯೇ ನಕಲಿಯಂತೆ. ಅದನ್ನು ಮುಚ್ಚಿಬಿಟ್ಟರು! ಇನ್ನೊಂದಕ್ಕೆ ಮುಖವಿತ್ತು, ಹೆಸರಿತ್ತು, ಅದರಲ್ಲಿ ತಪ್ಪೇನೂ ಕಾಣಲಿಲ್ಲವಂತೆ. ಉತ್ತರ ಬರೆದದ್ದು ಮನುಷ್ಯರೋ ಯಂತ್ರವೋ ಗೊತ್ತಾಗಲಿಲ್ಲ. ಇಬ್ಬರಿಗೂ ಸೇರಿಸಿ ಬಾಯಿಗೆ ಬಂದಂತೆ ಬೈದೆ.

ಮೂರು ವಾರ ಅಂಗಡಿ ಅರ್ಧಂಬರ್ಧ ತೆರೆದು ಅದೇ ಕೆಲಸ ಮಾಡಿದೆ. ಕಳಿಸಿದ ಆಧಾರನ್ನೇ ಮತ್ತೆ ಕಳಿಸಿದೆ. ಕೊನೆಗೆ ಆ ಖಾತೆಯನ್ನು ತೆಗೆದುಹಾಕಿದ್ದೇವೆ ಎಂಬ ಸಂದೇಶ ಬಂತು. ಅದನ್ನು ತೋರಿಸಲೇಬೇಕೆಂದು ಮರುದಿನವೇ ಕಲ್ಯಕ್ಕೆ ಹೊರಟೆ.

ಅಕ್ಕ ಜಗಲಿಯಲ್ಲಿ ರೇಷ್ಮೆ ಹುಳುವಿಗೆ ಸೊಪ್ಪು ಬಿಡಿಸುತ್ತಿದ್ದಳು. ನಾನು ಹಿಡಿದ ಮೊಬೈಲನ್ನು ಸರಿಯಾಗಿ ನೋಡಲೂ ಇಲ್ಲ.

“ನೀನಲ್ಲ ಅಂತ ಅವತ್ತೇ ಗೊತ್ತಿತ್ತು ಕಣವ್ವ. ನೀನು ಅಂಗೆಲ್ಲ ಬರಿಯೋಳಲ್ಲ.”

“ಮತ್ತೆ ಫೋನ್ ಯಾಕೆ ಎತ್ತಲಿಲ್ಲ?”

“ಎತ್ತಿ ಏನಂತ ಹೇಳ್ಲಿ? ಇವಳನ್ನ ಕಾಲೇಜಿಗೆ ಕಳ್ಸಬ್ಯಾಡ ಅಂತ ಅವರಪ್ಪ ಅಂದ್ಬುಟ್ರು. ಬರೆದೋರು ಯಾರಾದ್ರೇನು, ಓದಿದೋರೆಲ್ಲ ನಮ್ಮೋರೇ ಅಲ್ವಾ?”

ಅಷ್ಟರಲ್ಲಿ ಹುಳುಮನೆಯಿಂದ ಆ ಹುಡುಗಿ ಖಾಲಿ ಬುಟ್ಟಿ ಹಿಡಿದು ಹೊರಬಂದಳು. ಕೆಲಸದ ದಿನ, ಬೆಳಗಿನ ಹನ್ನೊಂದು ಗಂಟೆ.

“ಆ ಖಾತೆ ತೆಗೆಸಿದ್ದೀನಿ ಕಣವ್ವ. ನಿಮ್ಮಪ್ಪನ ಹತ್ರ ನಾನು ಮಾತಾಡ್ತೀನಿ, ನಾಳೆಯಿಂದ ಕಾಲೇಜಿಗೆ ಹೋಗು” ಎಂದೆ.

“ಪರೀಕ್ಷೆ ಸೋಮವಾರವೇ ಮುಗ್ದೋಯ್ತು ಚಿಕ್ಕಮ್ಮ, ನನ್ನ ಬರಿಯಕ್ಕೆ ಬಿಡ್ಲಿಲ್ಲ” ಎಂದವಳು ಬುಟ್ಟಿಗೆ ಸೊಪ್ಪು ತುಂಬಿಕೊಂಡು ಒಳಗೆ ಹೋದಳು.

ಮೊದಲ ದಿನವೇ ಬಸ್ ಹತ್ತಿ ಬಂದು ಭಾವನ ಎದುರು ನಿಲ್ಲಬೇಕಿತ್ತು. ನಾನು ಮೂರು ವಾರ ನನ್ನ ಮಾನ ಒಂದನ್ನೇ ನೋಡಿಕೊಂಡೆ.